ಸುಳ್ಳು ಹೇಳದ ರಕ್ತ

ಕೃಷ್ಣಾನಂದ ಹುಬ್ಬಳ್ಳಿಯಲ್ಲಿ ಮೂರು ತಿಂಗಳಿದ್ದು ರಕ್ತಪರೀಕ್ಷೆ ಕಲಿತು ಬಂದ. ಬಾಯಿ ಮುಚ್ಚಿಕೊಂಡಿರುವುದನ್ನು ಅಲ್ಲಿ ಯಾರೂ ಕಲಿಸಿರಲಿಲ್ಲ. ಕುಮಟೆಯ ದವಾಖಾನೆಯೊಂದರಲ್ಲಿ ಸೂಜಿ ಹಿಡಿದು ಕೂತ ಈ ಮಹಾಶಯ ಡಾಕ್ಟರರಿಗಿಂತ ಜಾಸ್ತಿ ಮಾತಾಡುತ್ತಿದ್ದ. ಕತಗಾಲದ ವೆಂಕಟ್ರಮಣ ಭಟ್ಟರು ಜಾತಕ ಕೂಡಲಿಲ್ಲವೆಂದು ಮಗಳು ವಸಂತಿಯನ್ನು ಇವನಿಗೆ ಕೊಡಲು ಹಿಂದೇಟು ಹಾಕಿದಾಗಲೂ ಸುಮ್ಮನಿರಲಿಲ್ಲ.

"ಜಾತಕ ಸುಳ್ಳು ಹೇಳ್ಲಕ್ಕು ಭಟ್ರೇ, ರಕ್ತ ಸುಳ್ಳು ಹೇಳ್ತಿಲ್ಲೆ. ಇಬ್ರ ರಕ್ತ ಕೂಡಿಸಿ ನೋಡನ. ಕಾಳು ಕಟ್ಟಿದ್ರೆ ಬ್ಯಾಡ. ನುಣ್ಣಗೆ ಉಳಿದ್ರೆ ಕೂಡಿಬಂತು."

ಅದು ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಏರಿಸುವಾಗ ಮಾಡುವ ಪರೀಕ್ಷೆ. ಅದಕ್ಕೂ ಸಂಸಾರಕ್ಕೂ ಏನು ಸಂಬಂಧ, ನನ್ನ ತಲೆ! ಆದರೂ ಭಟ್ಟರು ಒಪ್ಪಿದರು.

ಬುಧವಾರ ಮಗಳನ್ನು ಕರೆದುಕೊಂಡು ಬಂದೇಬಿಟ್ಟರು. ಕೃಷ್ಣಾನಂದ ವಸಂತಿಯ ರಕ್ತವನ್ನೂ ತನ್ನದನ್ನೂ ಕೊಳವೆಗಳಲ್ಲಿ ನಿಲ್ಲಿಸಿ, ಅಪ್ಪ-ಮಗಳನ್ನು ಹೊರಗೆ ಕೂರಿಸಿದ. ತಾಸು ಕಳೆದ ಮೇಲೆ ಹೆಪ್ಪಿನ ಮೇಲೆ ತಿಳಿ ನಿಂತಿತು. ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ವಸಂತಿಯ ತಿಳಿಗೆ ತನ್ನ ರಕ್ತದ ಹನಿ ಬೆರೆಸಿ ಅತ್ತಿತ್ತ ತೂಗಿದ. ಎರಡೇ ನಿಮಿಷಕ್ಕೆ ಒಡೆದ ಹಾಲಿನಂತೆ ಕಾಳುಕಾಳಾಯಿತು.

ಅಯ್ಯೋ, ಮದುವೆ ಮುರಿಯಿತು!

"ಎಂತ ಗುಟ್ಟು? ಬನ್ನಿ ಭಟ್ರೇ, ಒಳಗೇ ಬಂದು ನೋಡಿ!" ಹೊರಗೆ ಕಂಪೌಂಡರ್ ಬೀರಪ್ಪನ ದನಿ. ಕರೆಯದೆ ಎಲ್ಲ ಕಡೆ ಹಾಜರಾಗುವ ಪ್ರಾಣಿ ಅದು.

ಕೃಷ್ಣಾನಂದ ಗಡಬಡಿಸಿ ಬಿಲ್ಲೆ ಒರೆಸಿದ. ವಸಂತಿಯ ತಿಳಿಗೆ ವಸಂತಿಯದೇ ರಕ್ತ ಹಾಕಿದ. ಒಂದು ಕಾಳೂ ಕಟ್ಟಲಿಲ್ಲ.

"ಅಬ್ಬಾ! ಒಬ್ಬರದೇ ರಕ್ತ ಇದ್ದಂಗೆ ಅದೆ ಮಾರಾಯ್ರೆ!" ಎಂದ ಅಪ್ಪ-ಮಗಳನ್ನು ಒಳಗೆ ಕರೆತಂದು ಬಿಲ್ಲೆಯ ಮೇಲೆ ಬಗ್ಗಿದ ಬೀರಪ್ಪ.

"ಹೌದನಾ? ಇಬ್ರದ್ದೂ ಒಂದೇ ರಕ್ತ?" ಭಟ್ಟರು ಕೇಳಿದರು.

"ಒಂದೇ! ಕೂದಲಷ್ಟೂ ವ್ಯತ್ಯಾಸ ಇಲ್ಲೆ!" ಕೃಷ್ಣಾನಂದ ಎದೆಯುಬ್ಬಿಸಿದ.

ಭಟ್ಟರ ಮುಖ ಗಂಭೀರವಾಯಿತು. "ಹಂಗಾದ್ರೆ ನಿಂಗ ಇಬ್ರೂ ಅಣ್ಣ-ತಂಗಿ ಆತಲ! ಮದುವೆ ಹ್ಯಾಂಗೆ ಆಗ್ತು?"

"ಗೋತ್ರ ಬೇರೆ ಇದ್ದಲ ಭಟ್ರೇ!"

"ಗೋತ್ರ ಬಾಯಲ್ಲಿ ಹೇಳದು. ರಕ್ತ ಸುಳ್ಳು ಹೇಳ್ತಿಲ್ಲೆ ಅಂತ ನೀನೇ ಹೇಳಿದ್ದೆ. ನಾಕು ಕಾಳು ಕಟ್ಟಿದ್ರೆ ಕಣ್ಮುಚ್ಚಿ ಕೊಡ್ಲಾಗಿತ್ತು. ಗಂಡ-ಹೆಂಡ್ತಿ ಕೂಡದೇ ಇಪ್ಪದು ಯಾರ ಮನೇಲಿಲ್ಲೆ?"

ನಿಜ ಹೇಳೋಣವೆಂದರೆ ಬಾಗಿಲಲ್ಲಿ ಡಾಕ್ಟರರೇ ಬಂದು ನಿಂತಿದ್ದರು. ಪರೀಕ್ಷೆಯಲ್ಲಿ ಮೋಸ ಎಂದು ತಿಳಿದರೆ ನೌಕರಿಯೂ ಹೋಗುತ್ತಿತ್ತು. ಕೃಷ್ಣಾನಂದ ಹುಟ್ಟಿದ ಮೇಲೆ ಮೊದಲ ಸಲ ಬಾಯಿ ಮುಚ್ಚಿಕೊಂಡ.

ಭಟ್ಟರು ಪ್ರೀತಿಯಿಂದ ಅವನ ಬೆನ್ನು ತಟ್ಟಿದರು. "ಬೇಜಾರು ಮಾಡಡ ತಮಾ. ಮದುವೆ ಹೋಮದಲ್ಲಿ ಇವಳ ಕೈಗೆ ಅರಳು ಹಾಕಲೆ ಒಡಹುಟ್ಟಿದವ ಇಲ್ಲೆ ಅಂತ ಚಿಂತೆ ಇತ್ತು. ಅದೂ ಬಗೆಹರೀತು."

"ತಪ್ಪದೇ ಬಾ, ಅಣ್ಣಯ್ಯಾ," ಎಂದಳು ವಸಂತಿ.