ಮೆಟ್ಟಿಲಿಲ್ಲದ ಗಿಟಾರು

ಗೊತ್ತಿಲ್ಲ ಎಂದು ಹೇಳುವುದನ್ನು ನನಗೆ ಯಾರೂ ಕಲಿಸಲಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಏನೇನೋ ಕಲಿಸಿದರು. ಸೂಪನ್ನು ಸದ್ದಿಲ್ಲದೆ ಕುಡಿಯುವುದು, ಕರ್ಚೀಫಿನ ಮೂಲೆಯಲ್ಲಿ ಹೆಸರಿನ ಕಸೂತಿ ಹಾಕುವುದು, ಮನಸ್ಸಿನಲ್ಲಿ ಏನೇ ಇರಲಿ ಮುಖದಲ್ಲಿ ಒಂದು ಪ್ಲೆಸೆಂಟ್ ಎಕ್ಸ್‌ಪ್ರೆಶನ್ ಇಟ್ಟುಕೊಳ್ಳುವುದು, ಗಿಟಾರಿನ ಮೇಲೆ ಆರೇಳು ಹಾಡು. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಪಾಠ ಸಿಲಬಸ್ಸಿನಲ್ಲೇ ಇರಲಿಲ್ಲ. ಎಪ್ಪತ್ತು ದಾಟಿದ ಮೇಲೂ ಡಾಕ್ಟರು ಏನೋ ವಿವರಿಸಿ "ಗೊತ್ತಾಯ್ತಲ್ಲಮ್ಮ?" ಎಂದರೆ "ಯೆಸ್ ಯೆಸ್, ಆಫ್ ಕೋರ್ಸ್" ಎಂದುಬಿಡುತ್ತೇನೆ. ಆಮೇಲೆ ಮನೆಗೆ ಬಂದು ಯಾವ ಮಾತ್ರೆ ಬೆಳಿಗ್ಗೆ, ಯಾವುದು ಸಂಜೆ ಎಂದು ಚೀಟಿ ಹಿಡಿದು ಕೂರುತ್ತೇನೆ.

ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದಾಗ ಗಿಟಾರು ಕಾನ್ವೆಂಟಿನಲ್ಲೇ ಉಳಿಯಿತು, ಅದು ಅವರದ್ದೇ. ನಮ್ಮದು ರೇಷ್ಮೆ ಸೀರೆಯ ವ್ಯಾಪಾರದ ಮನೆ. ಬೀದಿಗೆ ಬೀದಿಯೇ ಮಗ್ಗದ ಸದ್ದು. ಮೈಸೂರಿನ ಗೆಳತಿಯರಿಗೆ ಕೊಳ್ಳೇಗಾಲವೆಂದರೆ ಮಾಟಮಂತ್ರ ಒಂದೇ. ಕಾಗದ ಬರೆದರೆ ಕೊನೆಗೆ ಒಂದು ಸಾಲು, "ನಿಂಬೆಹಣ್ಣು ಮಂತ್ರಿಸೋದು ಕಲಿತೆಯಾ?" ನಾನು ನಕ್ಕು ಉತ್ತರ ಬರೆಯುತ್ತಿದ್ದೆ. ನಕ್ಕಿದ್ದು ಕಾಗದದಲ್ಲಿ ಮಾತ್ರ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜೊತೆಯಲ್ಲಿ ಓದಿದ ಸ್ಟೆಲ್ಲಾಳ ಕಾಗದ ಬಂತು. ಕಾನ್ವೆಂಟಿನಲ್ಲಿ ಹಳೆಯ ವಿದ್ಯಾರ್ಥಿನಿಯರೆಲ್ಲ ಸೇರುವ ಓಲ್ಡ್ ಗರ್ಲ್ಸ್ ಡೇ ಇದೆ, ಮೊದಲಿನ ಹಾಗೆ ನಾವಿಬ್ಬರೂ ಸ್ಟೇಜಿನ ಮೇಲೆ ನುಡಿಸಬೇಕು, ನಿನ್ನ ಹೆಸರು ಪ್ರೋಗ್ರಾಮಿನಲ್ಲಿ ಅಚ್ಚಾಗಿದೆ ಎಂದು. ಹಡಗಿನಲ್ಲಿ ಕೆಲಸ ಮಾಡುವ ಅವಳ ಅಣ್ಣ ಜಪಾನಿನಿಂದ ತಂದ ಎಲೆಕ್ಟ್ರಿಕ್ ಗಿಟಾರಿನ ಕಿಟ್ ಒಂದು ಪಾರ್ಸೆಲ್ಲಿನಲ್ಲಿ ಹಿಂದೆಯೇ ಬಂತು. "ಜೋಡಿಸಿಕೋ ಮೈ ಡಿಯರ್, ಬಹಳ ಸುಲಭವಂತೆ" ಎಂದು ಬರೆದಿದ್ದಳು. ನಾನು ಅಂದಿನಿಂದ ನೆಲದ ಮೇಲೆ ನಡೆದವಳಲ್ಲ. ನಿಂಬೆಹಣ್ಣಿನವರ ಮುಂದೆ ಎಲೆಕ್ಟ್ರಿಕ್ ಗಿಟಾರು ಹಿಡಿದು ನಿಂತುಬಿಟ್ಟರೆ ಸಾಕು, ನಾನು ಇನ್ನೂ ನಾನೇ ಎಂದು ತೋರಿಸಿದ ಹಾಗೆ. ಬೇರೇನೂ ಬೇಕಿರಲಿಲ್ಲ ನನಗೆ.

ಪೆಟ್ಟಿಗೆಯೊಳಗೆ ಗಿಟಾರಿನ ಕತ್ತು, ತಂತಿಗಳು, ಗುಂಡಿಗಳು, ತಂತಿಯ ಸದ್ದು ಹಿಡಿಯುವ ಎರಡು ಅಯಸ್ಕಾಂತದ ಡಬ್ಬಿ ಇದ್ದವು. ಒಡಲನ್ನು ಮಾತ್ರ ನಾವೇ ಮರದಲ್ಲಿ ಕೊಯ್ಯಿಸಿಕೊಳ್ಳಬೇಕು, ಅದಕ್ಕೊಂದು ನಕ್ಷೆ. ಜೊತೆಗೆ ಹೇಗೆ ಮಾಡಬೇಕೆಂದು ಒತ್ತೊತ್ತಾಗಿ ಅಚ್ಚು ಹಾಕಿದ ಒಂದು ಹಾಳೆ, ಪೂರ್ತಿ ಜಪಾನಿ ಭಾಷೆಯಲ್ಲಿ. ಮನೆಯವರೆಲ್ಲ ಸುತ್ತ ಕೂತಿದ್ದರು. ಅತ್ತೆಯವರು, "ಅದೇನು ಬರ್ದದವ್ವ, ಓದು ನೋಡುವಾ" ಎಂದರು. ಇದು ಇಂಗ್ಲಿಷಾ ಎಂದು ಮಾವನವರು ಅನುಮಾನಪಟ್ಟರು. ಒಂಥರಾ ಅಡ್ವಾನ್ಸ್ಡ್ ಇಂಗ್ಲಿಷ್ ಎಂದೆ. ಅತ್ತೆಯವರು ಈ ಸಂಗತಿಯನ್ನು ಆ ಸಂಜೆಯೇ ನಾಲ್ಕು ಮನೆಗೆ ಹೇಳಿ ಬಂದರು. ಇನ್ನು ನಾನು ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ.

ಕೊಳ್ಳೇಗಾಲದ ಬಡಗಿ ಮಗ್ಗ ಬಿಟ್ಟು ಬೇರೇನೂ ಮಾಡುವುದಿಲ್ಲ ಎಂದ. ಯಳಂದೂರಿನವನು ನಕ್ಷೆ ನೋಡಿ, ಮಂಚವಾದರೆ ಹೇಳಿ ಎಂದ. ಕೊನೆಗೆ ಸಿಕ್ಕವರು ಹನೂರಿನ ಚೆನ್ನಾಚಾರಿ. ಮಾದಪ್ಪನ ಹಾಡು ಹೇಳುವವರಿಗೆ ತಂಬೂರಿ ಮಾಡಿಕೊಡುವವರು, ಮೃದು ಮನುಷ್ಯ, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್. ನಕ್ಷೆಯ ಮೇಲೆ ಕೈಯಾಡಿಸಿ, ಹೊಟ್ಟೆ ಟೊಳ್ಳಿಲ್ಲದೆ ಇದು ಹೇಗೆ ಹಾಡೀತು ಎಂದು ಕೇಳಿದರು. ಕರೆಂಟು ಹಾಡಿಸುತ್ತದೆ, ನಮ್ಮ ರೇಡಿಯೋದ ಬೆನ್ನಿಗೆ ವೈರು ಸಿಕ್ಕಿಸಿದರೆ ಆಯಿತು ಎಂದೆ. ಪಾಪ, ನಂಬಿದರು. ಹಲಸಿನ ಮರದಲ್ಲಿ ಒಡಲು ಕೊಯ್ದು ತಂದು ತೋರಿಸಿದರು. ಮಗುವಿನ ಕೆನ್ನೆಯ ಹಾಗಿತ್ತು. ಇನ್ನು ಈ ಕತ್ತಿಗೆ ಏನು ಮಾಡಬೇಕು, ಕಾಗದ ಏನನ್ನುತ್ತದೆ ಎಂದು ಕೇಳಿದರು.

ಏನೂ ಮಾಡಬೇಡಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು, ಹಾಳೆ ನನ್ನ ಕೈಯಲ್ಲಿತ್ತು. ಸಾಲಿನ ಮೇಲೆ ಬೆರಳಿಟ್ಟು ಗಂಭೀರವಾಗಿ ಓದಿದೆ. "ಕತ್ತು ನುಣ್ಣಗಿರಬೇಕು. ಕೈ ಓಡಾಡುವಾಗ ಎಲ್ಲೂ ತಡೆಯಬಾರದು." ಅದು ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳುತ್ತಿದ್ದ ಮಾತು, ಹೆಬ್ಬೆರಳು ಜಾರುವ ಹಿಂಬದಿಯ ಬಗ್ಗೆ. ಹಿಂಬದಿ ಎಂದು ನಾನು ಹೇಳಲಿಲ್ಲ. ಚೆನ್ನಾಚಾರಿ ತಲೆಯಾಡಿಸಿ ಕತ್ತನ್ನು ಟವೆಲಿನಲ್ಲಿ ಸುತ್ತಿಕೊಂಡು ಹನೂರಿನ ಬಸ್ಸು ಹತ್ತಿದರು.

ಓಲ್ಡ್ ಗರ್ಲ್ಸ್ ಡೇಗೆ ನಾಲ್ಕು ದಿನ ಇದೆ ಎನ್ನುವಾಗ ಗಿಟಾರು ಬಂತು. ಮೊದಲು ಬಣ್ಣ ನೋಡಿದೆ, ಜೇನಿನ ಬಣ್ಣ. ಆಮೇಲೆ ಕತ್ತು ನೋಡಿದೆ. ವೀಣೆಗೆ ಮೆಟ್ಟಿಲಿದ್ದ ಹಾಗೆ ಗಿಟಾರಿನ ಕತ್ತಿಗೂ ಉದ್ದಕ್ಕೆ ಲೋಹದ ಮೆಟ್ಟಿಲುಗಳಿರುತ್ತವೆ, ಫ್ರೆಟ್ ಎನ್ನುತ್ತಾರೆ. ಬೆರಳು ಅವುಗಳ ಆಸರೆಯಲ್ಲೇ ಸ್ವರ ಹುಡುಕುವುದು. ಅವು ಒಂದೂ ಇರಲಿಲ್ಲ. ಚೆನ್ನಾಚಾರಿ ಅಷ್ಟನ್ನೂ ಕಿತ್ತು, ಗೀರುಗಳಿಗೆ ಅರಗು ತುಂಬಿ, ಹತ್ತರಿ ಹೊಡೆದು, ತಂಬೂರಿಯ ಕತ್ತಿಗಿಂತ ನುಣ್ಣಗೆ ಮಾಡಿದ್ದರು. ಕಿತ್ತ ಮೆಟ್ಟಿಲುಗಳನ್ನು ಬೀಡಿಯ ಕಾಗದದಲ್ಲಿ ಕಟ್ಟಿ ತಂದಿದ್ದರು, ಸೊಟ್ಟಪಟ್ಟ ಮುಳ್ಳುಗಳ ಹಾಗೆ. "ಬೋ ಗಟ್ಟಿಯಾಗಿ ಕೂತಿದ್ವು ಕಣವ್ವ, ಒಂದಿನ ಇಡೀತು" ಎಂದರು.

ರೇಡಿಯೋಗೆ ಸಿಕ್ಕಿಸಿದೆವು. ಚೆನ್ನಾಚಾರಿ ಎಲ್ಲೂ ಬೆರಳೊತ್ತದೆ ಬರಿಯ ತಂತಿಯನ್ನು ಮೀಟಿದರು. ಗುಂಯ್ ಎಂದು ಒಂದೇ ನಾದ ಮನೆಯೆಲ್ಲ ತುಂಬಿತು. ಅತ್ತೆಯವರು, ಕೇಳಲು ಹಿತವಾಗಿದೆ, ಎಲ್ಲಿ ನೀನು ನುಡಿಸು ಎಂದರು. ನಾನು ಕೈಗೆತ್ತಿಕೊಂಡೆ. ಬೆರಳು ಎಲ್ಲಿಟ್ಟರೂ ಸ್ವರ ಕಾಲು ಜಾರಿದವರ ಹಾಗೆ ಎಲ್ಲೆಲ್ಲೋ ಹೋಯಿತು. ಮೂರು ದಿನ ಬಾಗಿಲು ಹಾಕಿಕೊಂಡು ಪ್ರಯತ್ನಿಸಿದೆ. ಗೊತ್ತಿದ್ದ ಆರೇಳು ಹಾಡಿನಲ್ಲಿ ಒಂದೂ ನನ್ನನ್ನು ಗುರುತಿಸಲಿಲ್ಲ.

ನಾಲ್ಕನೆಯ ದಿನ, ಮೈಸೂರಿಗೆ ಹೋಗಬೇಕಿದ್ದ ಬೆಳಿಗ್ಗೆ, ಚೆನ್ನಾಚಾರಿ ತಾವೇ ಬಂದರು. ಸೊಸೆ ಊಟ ಬಿಟ್ಟಿದ್ದಾಳೆಂದು ಅತ್ತೆಯವರು ಹೇಳಿಕಳಿಸಿದ್ದರಂತೆ. ಜಗಲಿಯಲ್ಲಿ ಕೂತರು. ಆಮೇಲೆ, ಬೇರೆಯವರಿಗೆ ಕೇಳದಂತೆ, "ಅವ್ವಾ, ಅವತ್ತು ಆ ಕಾಗ್ದನ ತಲೆಕೆಳಗು ಇಡ್ಕಂಡಿದ್ರಿ ನೀವು" ಎಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಿಮಗೆ ಹೇಗೆ ಗೊತ್ತು ಎಂದೆ.

"ಮೂಲೇಲಿ ಒಂದು ಸಣ್ಣ ಹಡಗಿನ ಗುರ್ತು ಇತ್ತಲ್ಲ. ಅದು ಬೋರಲಾಗಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಓದಿರೋರು ಎಂಗಿಡ್ಕಂಡ್ರೂ ಓದ್ತಾರೆ ಅನ್ಕಂಡೆ ಕಣವ್ವ."

ಅಷ್ಟರಲ್ಲಿ ಅತ್ತೆಯವರು ಕಾಫಿ ತಂದು, ಅಲ್ಲ ಆಚಾರಿ, ಏನಾಯಿತು ಇದು ಎಂದು ಕೇಳಿದರು. ಚೆನ್ನಾಚಾರಿ ನನ್ನ ಮುಖ ನೋಡಲಿಲ್ಲ. "ನಂದೇ ತಪ್ಪು ಕಣ್ರವ್ವ. ಕಾಗ್ದದಲ್ಲಿ ಸರಿಯಾಗೇ ಇತ್ತು, ನಾನು ತಂಬೂರಿ ಅನ್ಕಂಡು ಕೆಡಿಸ್ಬುಟ್ಟೆ" ಎಂದರು. ನಾನು ಬಾಯಿ ತೆರೆದೆ. ಮುಖದ ಮೇಲೆ ಪ್ಲೆಸೆಂಟ್ ಎಕ್ಸ್‌ಪ್ರೆಶನ್ ಬಂದು ಕೂತಿತು. ಅವರು ಕಾಫಿ ಕುಡಿದು, ಲೋಟ ತೊಳೆದಿಟ್ಟು, ಹನೂರಿಗೆ ಹೋದರು.

ಮೈಸೂರಿಗೆ ನಾನು ಹೋಗಲಿಲ್ಲ. ಸ್ಟೆಲ್ಲಾ ಒಬ್ಬಳೇ ನುಡಿಸಿದಳಂತೆ. ಅವಳಿಗೆ ಕಾಗದ ಬರೆದೆ, ಒಳ್ಳೆಯ ಇಂಗ್ಲಿಷಿನಲ್ಲಿ, ಎರಡು ಪುಟ. ಇಲ್ಲಿನ ಹಳ್ಳಿ ಬಡಗಿಯೊಬ್ಬ ಅಜ್ಞಾನದಿಂದ ಗಿಟಾರನ್ನು ಹಾಳುಮಾಡಿಬಿಟ್ಟ, ಈ ಜನಕ್ಕೆ ಏನು ಹೇಳಿದರೂ ತಿಳಿಯುವುದಿಲ್ಲ ಎಂದು. ಅಂಚೆಗೆ ಹಾಕುವ ಮೊದಲು ಎರಡು ಸಲ ಓದಿ ನೋಡಿದೆ. ವ್ಯಾಕರಣದ ತಪ್ಪು ಒಂದೂ ಇರಲಿಲ್ಲ.