ಜೀಪಿನ ಮುಂದೆ ನಿಂತವನು

ಪಾಠ ಹೇಳಿ ಹೇಳಿ ಮೇಷ್ಟರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಮನೆಯಲ್ಲೂ ಎಲ್ಲರೂ ತನ್ನ ಸೂಚನೆಗಾಗಿ ಕಾದಿದ್ದಾರೆ ಎಂಬ ಭ್ರಮೆ ಅದು. ಆಲೂರಿನ ಕಡೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನನಗೆ ಅದು ತುಸು ಜೋರಾಗಿಯೇ ಇದೆ. ಪದಗಳ ಮೂಲ ಹೇಳಲು ಹೊರಟರಂತೂ ಗಂಟೆ ಹೊಡೆದದ್ದೂ ಕೇಳಿಸುವುದಿಲ್ಲ. ಹೋದ ಶುಕ್ರವಾರ ‘ಆಬ್‌ಸ್ಟಕಲ್’ ಸಿಕ್ಕಿತು. ಅಡ್ಡಿ, ಅಡಚಣೆ ಎಂದು ಬರೆಸಿ ಸುಮ್ಮನಾಗಬಹುದಿತ್ತು. ಸುಮ್ಮನಾಗುವ ಪೈಕಿಯವನಲ್ಲ ನಾನು. ಲ್ಯಾಟಿನ್ನಿನಲ್ಲಿ ಅದರ ಮೂಲ ಅರ್ಥ ‘ಎದುರಿಗೆ ನಿಂತದ್ದು’. ಬಂಡೆಯೋ ಮರವೋ ಆಗಬೇಕೆಂದಿಲ್ಲ, ಸುಮ್ಮನೆ ಎದುರಿಗೆ ನಿಂತರೂ ಸಾಕು ಎಂದು ಡೆಸ್ಕುಗಳ ನಡುವೆ ಕೈ ಚಾಚಿ ನಿಂತು ತೋರಿಸಿದೆ. ಮಕ್ಕಳು ನಕ್ಕರು. ಬೀಗುತ್ತಾ ಮನೆಗೆ ಬಂದೆ.

ಮನೆಯಲ್ಲಿ ನನ್ನ ಹೆಂಡತಿ ಗಿರಿಜಳ ಚಿಂತೆಯೇ ಬೇರೆ. ಭಾನುವಾರ ಆಲೂರಿನಲ್ಲಿ ಹೆಂಗಸರ ವಚನ ಗಾಯನದ ಅಭ್ಯಾಸ. ಆ ಹೊತ್ತಿಗೆ ನಮ್ಮೂರಿಂದ ಬಸ್ಸಿಲ್ಲ. ಜೀಪಿದೆ, ಅವಳಿಗೆ ಲೈಸೆನ್ಸೂ ಬಂದಿದೆ. ಆದರೂ ಮೂರು ವಾರದಿಂದ ಹೋಗಿರಲಿಲ್ಲ. ಜೀಪು ಓಡಿಸಿ ಕರೆದೊಯ್ಯಬೇಕಾದ ನನಗೆ ಒಮ್ಮೆ ಪೇಪರ್ ತಿದ್ದುವುದಿತ್ತು, ಒಮ್ಮೆ ಕಾಫಿ ಹಣ್ಣು ಕುಯ್ಯಲು ಆಳುಗಳು ಬಂದಿದ್ದರು, ಒಮ್ಮೆ ಬರೀ ಸೋಮಾರಿತನ. ಈ ಸಲವೂ ಬಾರದಿದ್ದರೆ ಅವಳ ಹಾಡನ್ನು ಇನ್ನೊಬ್ಬರಿಗೆ ಕೊಡುತ್ತೇವೆಂದು ಗುಂಪಿನವರು ಹೇಳಿ ಕಳಿಸಿದ್ದರು. ಭಾನುವಾರ ಬೆಳಿಗ್ಗೆ, ಒಬ್ಬಳೇ ಹೋಗುತ್ತೇನೆ ಎಂದಳು. ಇಳಿಜಾರು, ಜಲ್ಲಿ, ಕಿರಿದಾದ ಗೇಟು, ತಿರುವಿನಲ್ಲಿ ಆನೆ ಎಂದು ನಾನು ಪಟ್ಟಿ ಒಪ್ಪಿಸಿದೆ. ಅವಳು ಎಲ್ಲ ಕೇಳಿಸಿಕೊಂಡು ಕೀ ತೆಗೆದುಕೊಂಡಳು.

ಅಂಗಳದಲ್ಲಿ ಜೀಪು ಸ್ಟಾರ್ಟ್ ಆಯಿತು. ನಾನು ಓಡಿಹೋಗಿ ಮುಂದೆ ನಿಂತು, ಎರಡೂ ಕೈ ಎತ್ತಿ, ಬಾ ಬಾ, ಎಡಕ್ಕೆ, ಸಾಕು ಸಾಕು ಎನ್ನತೊಡಗಿದೆ. ಕೈ ಎತ್ತಿದಾಗಲೆಲ್ಲ ಅವಳು ಬ್ರೇಕ್ ಹಾಕುತ್ತಿದ್ದಳು, ಜೀಪು ಆಫ್ ಆಗುತ್ತಿತ್ತು. ನೋಡಿದೆಯಾ, ಇನ್ನೂ ಕೈ ಕೂತಿಲ್ಲ ಎಂದೆ. ನಾಲ್ಕನೆಯ ಸಲ ಅವಳು ತಲೆ ಹೊರಹಾಕಿ ಮೆಲ್ಲಗೆ ಹೇಳಿದಳು:

“ದಾರಿ ಚೆನ್ನಾಗೇ ಐತೆ ಕಣ್ರೀ. ನೀವು ಮುಂದೆ ನಿಂತಿದೀರಲ್ಲ, ಅದಕ್ಕೆ ನಿಲ್ಲಿಸ್ತಾ ಇದೀನಿ.”

ಶುಕ್ರವಾರ ನಾನೇ ಮಾಡಿದ ಪಾಠ ಭಾನುವಾರ ನನಗೆ ಅರ್ಥವಾಯಿತು. ಪಕ್ಕಕ್ಕೆ ಸರಿದೆ. ಜೀಪು ಗೇಟಿನ ಕಂಬಕ್ಕೆ ಗೇಣು ಜಾಗ ಬಿಟ್ಟು ಸಲೀಸಾಗಿ ದಾಟಿ, ಇಳಿಜಾರಿನಲ್ಲಿ ಮರೆಯಾಯಿತು.

ಖುಷಿಪಡಬೇಕಾದ ಹೊತ್ತಿನಲ್ಲಿ ನನಗೆ ಸಂಕಟವಾಯಿತು. ಸುಳ್ಳು ಯಾಕೆ ಹೇಳಲಿ, ಅವಳು ಕಂಬಕ್ಕೆ ಗುದ್ದುತ್ತಾಳೆಂದು ನಾನು ಯಾವತ್ತೂ ಹೆದರಿರಲಿಲ್ಲ. ಗುದ್ದದೆ ಹೋಗಿಬಿಟ್ಟರೆ ನನ್ನಿಂದ ಅವಳಿಗೆ ಆಗಬೇಕಾದ್ದು ಏನು ಉಳಿಯುತ್ತದೆ ಎಂದು ಹೆದರಿದ್ದೆ. ಬೇರೇನೂ ತೋಚದೆ ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟೆ. ಮಧ್ಯಾಹ್ನ ಅವಳು ಗುನುಗುತ್ತಾ ಬಂದಳು. ಹಾಡು ಅವಳಿಗೇ ಉಳಿದಿತ್ತು. ಅನ್ನ ಅಂಟಂಟಾಗಿತ್ತು. ಆದರೂ ಎರಡು ಸಲ ಬಡಿಸಿಕೊಂಡು, ಮುಂದಿನ ಭಾನುವಾರವೂ ನೀವೇ ಮಾಡಿ ಎಂದಳು. ಹೊಗಳಿದಳೋ, ಕೆಲಸ ಹಚ್ಚಿದಳೋ ಗೊತ್ತಾಗಲಿಲ್ಲ. ನಾನಂತೂ ಬಹಳ ನೆಮ್ಮದಿಯಿಂದ ತಟ್ಟೆ ತೊಳೆದೆ.