ಎದುರು ಬರುವವರ ಮುಖ

ನನ್ನ ಷಡ್ಡಕನಿಗೆ, ಅಂದರೆ ನಾದಿನಿಯ ಗಂಡನಿಗೆ, ಹುಲಿ ಎಲ್ಲಿದೆ ಎಂಬುದು ಹುಲಿಗಿಂತ ಮೊದಲೇ ಗೊತ್ತಾಗುತ್ತದೆ! ಇದು ನನ್ನ ಮಾತಲ್ಲ, ನನ್ನ ಮಗಳ ಮಾತು. ಹೆತ್ತಪ್ಪನ ಎದುರಿಗೇ ಹೇಳುತ್ತಾಳೆ. ಹೊಟ್ಟೆ ಉರಿಯದೆ ಇದ್ದೀತೆ?

ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಆದರೆ ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ ಟೈಲ್ಸ್ ಕೂರಿಸುತ್ತ, ಬಸ್ಸಿನ ಬೋರ್ಡು ನೋಡಿ ನೋಡಿ ತೆಲುಗು ಓದಲು ಕಲಿತವನು. ಅಲ್ಲಿನ ಝೂಗೆ ಹೋದರೆ ಪ್ರತಿ ತಿರುವಿನಲ್ಲೂ ನಿಂತು, ಬೋರ್ಡು ಓದಿ ದಾರಿ ಹೇಳುತ್ತೇನೆ. ನಾನು ‘ಸಿಂಹ’ ಎಂದು ಓದಿ ಮುಗಿಸುವಷ್ಟರಲ್ಲಿ ಮಗಳು ಷಡ್ಡಕನ ಹೆಗಲೇರಿ ಸಿಂಹಕ್ಕೆ ಟಾಟಾ ಮಾಡಿರುತ್ತಾಳೆ!

ಈ ಪುಣ್ಯಾತ್ಮ ಬೋರ್ಡಿನತ್ತ ತಲೆಯನ್ನೇ ಎತ್ತುವುದಿಲ್ಲ. ಎದುರು ಬರುವವರ ಮುಖ ನೋಡುತ್ತಾನೆ.

“ಮೂಗು ಮುಚಗೊಂಡು ಬರಾಕತ್ತಾರಂದ್ರ ಅಲ್ಲಿ ಕತ್ತೆಕಿರುಬ ಐತಣ್ಣ. ಹಲ್ಲು ಕಿಸದು ಬಂದ್ರ ಮಂಗ್ಯಾ. ಮಾರಿ ಸಣ್ಣದಾಗಿತ್ತಂದ್ರ ಹುಲಿ ಮಲಗೇತಿ!”

“ಕಾಕಾ ಭಾಳ ಶ್ಯಾಣ್ಯಾ!” ಎಂದಳು ಮಗಳು, ಮೊನ್ನೆ ಹೋದಾಗಲೂ.

“ಮತ್ತ ನಿಮ್ಮಪ್ಪ ದಡ್ಡನೇನು?” ಎಂದೆ. ಅವಳು ಯೋಚಿಸಿದಳು. ಇದು ಯೋಚಿಸುವ ಮಾತೇ?

ಮುಖ ನೋಡುವುದೇನು ಮಹಾವಿದ್ಯೆ! ಮಗಳ ಕೈ ಹಿಡಿದು ನಾನೇ ಮುಂದೆ ಹೊರಟೆ. ಒಬ್ಬರ ಹಿಂದೊಬ್ಬರು ಮೂಗಿಗೆ ಕರವಸ್ತ್ರ ಹಿಡಿದು ಬರುತ್ತಿದ್ದರು. “ನೋಡವ್ವಾ, ಈಗ ಕತ್ತೆಕಿರುಬ!” ಎಂದು ಎದೆಯುಬ್ಬಿಸಿ ನಡೆದೆ. ತಲುಪಿದ್ದು ಗಂಡಸರ ಪಾಯಖಾನೆಗೆ. ಬಾಗಿಲಲ್ಲಿ ಕುಳಿತವನು ಒಳಗೆ ದಯಮಾಡಿಸಿ ಎಂದು ಮರ್ಯಾದೆಯಿಂದ ಕರೆದ ಬೇರೆ!

ಹಿಂದೆಯೇ ಷಡ್ಡಕ ಬಂದ. “ನೀ ಇಲ್ಲೇ ಇರ್ತಿ ಅಂತ ಗೊತ್ತಿತ್ತಣ್ಣ. ಎದುರು ಬಂದವರೆಲ್ಲಾ ನಗಾಕತ್ತಿದ್ರು.”

ಮಗಳು ಮತ್ತೆ ಅವನ ಹೆಗಲೇರಿದಳು.

ಸಂಜೆ ಆನೆಯ ಮುಂದಿನಿಂದ ಕದಲೆನೆಂದು ಅವಳ ಹಟ. ಕಾವಲುಗಾರರು ಸೀಟಿ ಊದಿ ಎಬ್ಬಿಸಿದಾಗ ಉಳಿದವರು ನಾವು ಮೂವರೇ. ದಾರಿ ಎರಡಾಗುವ ಕಡೆ ಷಡ್ಡಕ ನಿಂತುಬಿಟ್ಟ. ಆಚೆ ನೋಡಿದ, ಈಚೆ ನೋಡಿದ.

“ಯಾಕೋ ಪಂಡಿತಾ, ನಡಿಯಲ್ಲಾ!”

“ಎದುರಿಗೆ ಯಾರೂ ಬರವಲ್ರಲ್ಲಣ್ಣ.”

“ತಲಿ ಮ್ಯಾಲೇ ಬೋರ್ಡ್ ಐತಲ್ಲೋ!”

ಅವನು ಮಗಳನ್ನು ಕೆಳಗಿಳಿಸಿ, ನನ್ನ ಕಿವಿಯ ಬಳಿ ಬಂದ. “ನನಗ ಒಂದಕ್ಷರಾನೂ ಬರಂಗಿಲ್ಲಣ್ಣ. ಈ ಊರಾಗ ಇಷ್ಟು ವರ್ಷ ಹಿಂಗ ಮಾರಿ ನೋಡಿಕೋಂತನ ತಿರಗೇನಿ. ಪಾಪುಗ ಹೇಳಬ್ಯಾಡ.”

ಆಹಾ, ಎಂಥ ಗಳಿಗೆ! ಒಂದೇ ಮಾತು ಸಾಕಿತ್ತು, ಮಗಳು ನನ್ನವಳಾಗುತ್ತಿದ್ದಳು. ಬಾಯಿ ತೆರೆದೆ.

“ಪಾಪೂ, ಕಾಕಾನ ಹೆಗಲ ಮ್ಯಾಲೆ ಹತ್ತು. ಪಾಪ, ಅವಂಗ ದಣಿವಾಗೇತಿ, ದಾರಿ ನಾ ಹೇಳ್ತೀನಿ” ಎಂದೆ. ದಣಿದವನ ಹೆಗಲೇರು ಎಂದರೆ ಯಾವ ನ್ಯಾಯ? ಹುಡುಗಿ ಹಾಗಂತ ಕೇಳಲಿಲ್ಲ, ಸದ್ಯ!

ಅವನು ಹಿಂದಿನಿಂದ ನನ್ನ ಅಂಗಿಯ ತುದಿ ಹಿಡಿದುಕೊಂಡ. ನಾನು ಗೇಟಿನವರೆಗೂ ಒಂದು ಬೋರ್ಡನ್ನೂ ಬಿಡದೆ ಗಟ್ಟಿಯಾಗಿ ಓದುತ್ತ ನಡೆದೆ.

“ಇದರಾಗ ಏನೈತಣ್ಣ?” ಎಂದು ಗೇಟಿನ ಬಳಿಯ ಡಬ್ಬಿಯ ಮೇಲಿನ ಬರಹ ತೋರಿಸಿ ಮೆಲ್ಲಗೆ ಕೇಳಿದ.

“ಕಸ ಇಲ್ಲಿ ಹಾಕ್ರಿ ಅಂತ.”

“ಭಾಳ ಚಂದ ಬರದಾರಣ್ಣ” ಎಂದ.